ಮಸುಕು ನಕ್ಷೆಯಲ್ಲಿದ್ದ ಕಮಾನು

ಕೋವಿಡ್ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಮಣಿಪಾಲದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಪ್ರೊಫೆಸರ್. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಕೊನೆಯ ವಿದ್ಯಾರ್ಥಿನಿ ಶ್ವೇತಾ ಕರ್ಕೇರ. ಕಾಪುವಿನ ಮೀನುಗಾರರ ಮನೆಯವಳು. ದಿನಾ ಎರಡು ಬಸ್ಸು ಬದಲಿಸಿ ಬಂದು, ನನಗಿಂತ ಮೊದಲೇ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದಳು. ವೃತ್ತಿಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಅವಳ ವಿಷಯದಲ್ಲಿ ಮಾಡಿದ್ದು ಮಾತ್ರ ಮರೆಯುವುದಿಲ್ಲ.

ಅವಳು ಅಧ್ಯಯನ ಮಾಡುತ್ತಿದ್ದುದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುವ ಗೆಲಾಕ್ಸಿ ಕ್ಲಸ್ಟರ್‌ಗಳನ್ನು. ಗುರುತ್ವಾಕರ್ಷಣೆಯಿಂದ ಒಟ್ಟಿಗಿರುವ ನೂರಾರು ಗೆಲಾಕ್ಸಿಗಳ ಗುಂಪೇ ಕ್ಲಸ್ಟರ್. ಅವುಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಬಿಸಿಯ ತೆಳು ಅನಿಲ ತುಂಬಿರುತ್ತದೆ. ಕಣ್ಣಿಗೆ ಕಾಣದ ಅದು ಎಕ್ಸ್-ರೇಯಲ್ಲಿ ಹೊಳೆಯುತ್ತದೆ. ಎರಡು ಕ್ಲಸ್ಟರ್‌ಗಳು ಒಂದರೊಳಗೊಂದು ನುಗ್ಗಿದಾಗ ಗೆಲಾಕ್ಸಿಗಳು ಪರಸ್ಪರ ತಾಗದೆ ದಾಟಿಹೋಗುತ್ತವೆ, ಅನಿಲ ಮಾತ್ರ ಒತ್ತಿಕೊಂಡು ಹಿಂದೆ ಉಳಿಯುತ್ತದೆ. ಆ ಹೊಡೆತದಿಂದ ಎದ್ದ ಆಘಾತ ತರಂಗ ಹೊರಗೆ ಸಾಗುತ್ತ ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುತ್ತದೆ, ಅವು ರೇಡಿಯೋ ಅಲೆಗಳನ್ನು ಸೂಸುತ್ತವೆ. ಕ್ಲಸ್ಟರಿನ ಅಂಚಿನಲ್ಲಿ ಕಮಾನಿನ ಹಾಗೆ ಕಾಣುವ ಈ ಮಸುಕು ಬೆಳಕಿಗೆ ರೇಡಿಯೋ ರೆಲಿಕ್ ಎಂದು ಹೆಸರು. ಹಾಗಾಗಿ ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ: ಒಂದೇ ಸಾಕ್ಷಿಯನ್ನು ನಂಬಬೇಡಿ, ಗೆಲಾಕ್ಸಿಗಳ ಚಿತ್ರ, ಎಕ್ಸ್-ರೇ, ರೇಡಿಯೋ, ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿ.

ನಮ್ಮ ಕ್ಲಸ್ಟರಿನ ಎಕ್ಸ್-ರೇ ನಕ್ಷೆಯಲ್ಲಿ ಅನಿಲದ ಎರಡು ಗಡ್ಡೆಗಳಿದ್ದವು. ಡಿಕ್ಕಿಯ ಅನುಮಾನ ಎಲ್ಲರಿಗೂ ಇತ್ತು, ರೆಲಿಕ್ ಯಾರಿಗೂ ಸಿಕ್ಕಿರಲಿಲ್ಲ. ಒಂದು ಬೆಳಿಗ್ಗೆ ಶ್ವೇತಾ ಹೊಸ ರೇಡಿಯೋ ನಕ್ಷೆಯನ್ನು ಪ್ರಿಂಟ್ ತೆಗೆದು ತಂದು ನನ್ನ ಮೇಜಿನ ಮೇಲಿಟ್ಟಳು. ಎಲ್ಲವೂ ಮಬ್ಬು, ಒಂದು ಮೂಲೆಯಲ್ಲಿ ಬಳಿದಂತೆ ಒಂದು ಬಾಗಿದ ಗೆರೆ.

"ಇದೆಂತ ಮಾರಾಯ್ತಿ, ಕನ್ನಡಕ ಮರೆತು ಬಂದಿದ್ದೀಯಾ?" ಎಂದು ನಾನು ನಕ್ಕೆ.

ಅವಳು ನಗಲಿಲ್ಲ. "ದೂರದೂರದ ಆಂಟೆನಾಗಳ ತೂಕ ಕಡಿಮೆ ಮಾಡಿದ್ದೇನೆ ಸರ್. ಎಕ್ಸ್-ರೇ ಮ್ಯಾಪಿನ ಮೇಲೆ ಇಟ್ಟು ನೋಡುವ."

ಅವಳು ಮಾಡಿದ್ದು ಸರಿಯಾಗಿಯೇ ಇತ್ತು. ರೇಡಿಯೋ ದೂರದರ್ಶಕವೆಂದರೆ ಬಯಲಲ್ಲಿ ಹರಡಿದ ಹಲವು ಆಂಟೆನಾಗಳು, ತೂಕವೆಂದರೆ ಚಿತ್ರ ಕಟ್ಟುವಾಗ ಅವುಗಳ ಪ್ರತಿ ಜೋಡಿಗೆ ಕೊಡುವ ಪಾಲು. ದೂರದೂರದ ಆಂಟೆನಾಗಳನ್ನು ಜೋಡಿಸಿದರೆ ಚಿತ್ರ ಚೂಪಾಗುತ್ತದೆ, ಆದರೆ ಅಗಲಕ್ಕೆ ಹರಡಿದ ಮಂದ ಬೆಳಕು ಅದರಲ್ಲಿ ಮಾಯವಾಗುತ್ತದೆ. ಹತ್ತಿರದ ಜೋಡಿಗಳಿಗೆ ಹೆಚ್ಚು ತೂಕ ಕೊಟ್ಟರೆ ಚಿತ್ರ ಮಸುಕಾಗುತ್ತದೆ, ಹರಡಿದ್ದು ಕಾಣುತ್ತದೆ. ಇದು ನಾನೇ ಕಲಿಸಿದ ಪಾಠ.

ಆದರೂ ಹೇಳಿದೆ: "ಬೇಡ. ಪಕ್ಕದಲ್ಲಿ ಅಷ್ಟು ಪ್ರಖರ ಗೆಲಾಕ್ಸಿ ಉಂಟು, ಅದರ ಬೆಳಕು ಚೆದುರಿ ಬಂದ ಕಸ ಇದು. ತೆಗೆದು ಹಾಕು. ನನ್ನ ಲ್ಯಾಬಿನಿಂದ ಇಂಥ ಚಿತ್ರ ಹೊರಗೆ ಹೋಗುವುದಿಲ್ಲ."

"ಆಯ್ತು ಸರ್" ಎಂದು ಕಾಗದ ಮಡಚಿಕೊಂಡು ಹೋದಳು.

ಯಾಕೆ ಹಾಗೆ ಹೇಳಿದೆ? ಪ್ರಾಯದಲ್ಲಿ ನಾನೊಮ್ಮೆ ಇಂಥದ್ದೇ ಒಂದು ಮಸುಕು ಕಲೆಯನ್ನು ಹೊಸ ಶೋಧವೆಂದು ಸಮ್ಮೇಳನದಲ್ಲಿ ತೋರಿಸಿದ್ದೆ. ಅದು ನಿಜಕ್ಕೂ ಕಸವೇ ಆಗಿತ್ತು. ತುಂಬಿದ ಸಭೆಯಲ್ಲಿ ಮುಖಭಂಗವಾಯಿತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ನನ್ನ ಮಜ್ಜಿಗೆಯನ್ನು ನಾನು ಊದಿಕೊಳ್ಳಬಹುದಿತ್ತು. ಅವಳ ಲೋಟವನ್ನೇ ಚೆಲ್ಲಿಬಿಟ್ಟೆ.

ಕಮಾನು ಇಲ್ಲದ ಪ್ರಬಂಧಕ್ಕೆ ಪದವಿ ಸಿಕ್ಕಿತು. ಪದವಿಯ ನಂತರದ ಸಂಶೋಧನೆಗೆ ಅವಳು ನಾಲ್ಕು ಕಡೆ ಅರ್ಜಿ ಹಾಕಿದಳು. ಎರಡು ಕಡೆಯಿಂದ ಉತ್ತರ ಬಂತು: ಕೆಲಸ ಅಚ್ಚುಕಟ್ಟಾಗಿದೆ, ಹೊಸತೇನೂ ಇಲ್ಲ. ಉಳಿದ ಎರಡು ಕಡೆಯಿಂದ ಅದೂ ಬರಲಿಲ್ಲ. ಅವಳು ಕಾರ್ಕಳದ ಒಂದು ಪಿಯು ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದಳು.

ನಾನು ನಿವೃತ್ತನಾಗಿ ಸಂತೆಕಟ್ಟೆಯ ಮನೆಯಲ್ಲಿದ್ದಾಗ ಹೊರದೇಶದ ತಂಡವೊಂದರ ಲೇಖನ ಕಣ್ಣಿಗೆ ಬಿತ್ತು. ಅದೇ ಕ್ಲಸ್ಟರ್. ಮೊದಲ ಚಿತ್ರದಲ್ಲೇ ಎಕ್ಸ್-ರೇಯ ಎರಡು ಗಡ್ಡೆಗಳು. ಎರಡನ್ನೂ ಸೇರಿಸುವ ಗೆರೆಯನ್ನು ಹೊರಕ್ಕೆ ಎಳೆದರೆ ಅದರ ತುದಿಯಲ್ಲಿ, ಅಡ್ಡಕ್ಕೆ ನಿಂತ ಕಮಾನು. ಆಘಾತ ತರಂಗ ಇರಬೇಕಾದ ಜಾಗವೇ ಅದು. ಅವಳು ಮಾಡಿ ನೋಡುವ ಎಂದಿದ್ದೂ ಇದೇ ಚಿತ್ರವನ್ನು. ಎಕ್ಸ್-ರೇ ನಕ್ಷೆ ಅದೇ ಕಂಪ್ಯೂಟರಿನಲ್ಲಿ ಇತ್ತು. ಐದು ನಿಮಿಷದ ಕೆಲಸ.

ಮರುದಿನ ಕಾರ್ಕಳಕ್ಕೆ ಹೋದೆ. ಸ್ಟಾಫ್ ರೂಮಿನಲ್ಲಿ ಶ್ವೇತಾ ಲ್ಯಾಬ್ ರೆಕಾರ್ಡ್ ತಿದ್ದುತ್ತಿದ್ದಳು. ಎದ್ದು ಕುರ್ಚಿ ಕೊಟ್ಟಳು. ಲೇಖನ ಅವಳ ಮುಂದಿಟ್ಟು, ತಪ್ಪು ನನ್ನದು ಎಂದೆ.

"ಆ ಹಳೆಯ ಮ್ಯಾಪ್ ನಿನ್ನ ಹತ್ತಿರ ಉಂಟಾ? ನೀನೇ ಮೊದಲು ಕಂಡದ್ದೆಂದು ನಾನು ಅವರಿಗೆ ಬರೆಯುತ್ತೇನೆ."

"ಇಲ್ಲ ಸರ್. ನೀವು ತೆಗೆದು ಹಾಕು ಅಂದಿರಿ ಅಲ್ವಾ. ಅವತ್ತೇ ತೆಗೆದೆ."

ಅದರಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಮೂಲ ದತ್ತಾಂಶದಿಂದ ಆ ನಕ್ಷೆಯನ್ನು ಇವತ್ತೂ ಮಾಡಬಹುದು. ಅವಳು ಅಂದೇ ಕಂಡಿದ್ದಳು ಎಂಬುದಕ್ಕೆ ನನ್ನ ಬಾಯಿಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಕಲಿಸಿದವನೂ ನಾನೇ.

ಲೇಖನವನ್ನು ಅವಳು ತೆರೆಯಲಿಲ್ಲ. "ಬಂದಿದೆ ಅಂತ ಗೊತ್ತುಂಟು. ಓದಲಿಕ್ಕೆ ಮನಸ್ಸಾಗಲಿಲ್ಲ" ಎಂದಳು. ಆಮೇಲೆ ಕೇಳಿದಳು: "ಎಕ್ಸ್-ರೇ ಮೇಲೆ ಇಟ್ಟರೆ ಸರಿಯಾಗಿ ಕೂರ್ತದಾ ಸರ್?"

"ಕೂರ್ತದೆ" ಎಂದೆ.

ತಲೆಯಾಡಿಸಿದಳು. ಬೆಲ್ ಹೊಡೆಯಿತು, ರೆಕಾರ್ಡುಗಳನ್ನು ಎತ್ತಿಕೊಂಡು ತರಗತಿಗೆ ಹೋದಳು.

ಹೊಸದಾಗಿ ಮಾರ್ಗದರ್ಶಕರಾದವರು ಈಗ ಸಲಹೆ ಕೇಳಿಕೊಂಡು ಬಂದರೆ ಇಷ್ಟನ್ನೇ ಹೇಳುತ್ತೇನೆ. ವಿದ್ಯಾರ್ಥಿ ತಂದ ಚಿತ್ರ ತಪ್ಪೇ ಇರಬಹುದು. ತಪ್ಪೆಂದು ಹೇಳುವ ಮೊದಲು ಇನ್ನೊಂದು ನಕ್ಷೆಯ ಮೇಲೆ ಇಟ್ಟು ನೋಡಿ, ಅವರ ಎದುರಿಗೇ ನೋಡಿ. ಶ್ವೇತಾಳ ಪ್ರಬಂಧದ ಪ್ರತಿ ನನ್ನ ಕಪಾಟಿನಲ್ಲಿ ಉಂಟು. ಅದರಲ್ಲಿ ಎಲ್ಲ ಚಿತ್ರಗಳೂ ಚೂಪಾಗಿವೆ.