ಅಕ್ಕಿಡಬ್ಬಿಯ ಹಿಂದಿನ ತೆಂಗಿನಕಾಯಿ

ಟೊರಾಂಟೊ ಬಳಿಯ ಸ್ಟೌಫ್‌ವಿಲ್‌ನ ನಮ್ಮ ಮನೆಯಿಂದ ಏರ್‌ಪೋರ್ಟಿಗೆ ಹೊರಡುವ ದಿನ ನಾನು ಅತ್ತೆಯ ಸೂಟ್‌ಕೇಸಿನಿಂದ ಒಂದು ತೆಂಗಿನಕಾಯಿ ತೆಗೆದು ಅಡುಗೆಮನೆಯ ಅಕ್ಕಿಡಬ್ಬಿಯ ಹಿಂದೆ ಇಟ್ಟೆ. ಹಳೆಯ ಟವೆಲಿನಲ್ಲಿ ಸುತ್ತಿದ್ದ, ಜುಟ್ಟು ಇದ್ದ ಕಾಯಿ. ಮಾರ್ಕಂನ ತಮಿಳರ ಅಂಗಡಿಯಲ್ಲಿ ಅತ್ತೆಯೇ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ಆರಿಸಿದ್ದು. ಪರದೇಶದ ಕಸ್ಟಮ್ಸಿನವರ ಮುಂದೆ ತೆಂಗಿನಕಾಯಿ ಹಿಡಿದು ನಿಲ್ಲುವ ಯೋಗ ನನಗೆ ಬೇಡವಾಗಿತ್ತು. ಯಾರಿಗೂ ಹೇಳಲಿಲ್ಲ. ಒಂದು ಕಾಯಿ ತಾನೇ ಎಂದುಕೊಂಡೆ. ಆ ಒಂದು ಕಾಯಿ ನಮ್ಮ ಇಡೀ ಪ್ರವಾಸವನ್ನೇ ತಿಂದುಹಾಕಿತು.

ಅದು 2013ರ ಜುಲೈ. ಮಗಳಿಗೆ ಹದಿನಾಲ್ಕು. ಆರನೇ ವಯಸ್ಸಿನಿಂದ ಕಮ್ಯುನಿಟಿ ಸೆಂಟರಿನ ಕೊಳದಲ್ಲಿ ಈಜಿದವಳು, ಹಿಮದ ಬೆಳಿಗ್ಗೆಗಳಲ್ಲಿ ಒದ್ದೆ ಕೂದಲ ಮೇಲೆ ಟೋಪಿ ಎಳೆದುಕೊಂಡು ಸ್ಕೂಲಿಗೆ ಓಡಿದವಳು. ಕಡಲ ಅಲೆಯ ಮೇಲೆ ಹಲಗೆ ಹಾಕಿ ನಿಲ್ಲಬೇಕು, ಸರ್ಫಿಂಗ್ ಕಲಿಯಬೇಕು ಎನ್ನುವುದೊಂದೇ ಅವಳ ಹಟ. ಎಂಟನೇ ಗ್ರೇಡ್ ಮುಗಿಸು, ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟವಳು ನಾನು. ಬೋಲ್ಟನ್‌ನ ಗೋದಾಮೊಂದರಲ್ಲಿ ಕೆಲಸ ಮಾಡುತ್ತಿದ್ದ ಗಂಡನಿಗೆ ಎರಡು ವಾರ ರಜೆ ಸಿಗಲು ನಾನು ಹೊತ್ತ ಹರಕೆಗಳು ನನಗೇ ಗೊತ್ತು. ಲಿಸ್ಬನ್‌ನಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು, ಪೋರ್ಚುಗಲ್ಲಿನ ತೀರದುದ್ದಕ್ಕೂ ಹೋಗಿ, ಸ್ಪೇನ್ ದಾಟಿ ಫ್ರಾನ್ಸಿನ ಬಿಯಾರಿಟ್ಸ್ ತಲುಪುವುದು ನಮ್ಮ ಲೆಕ್ಕಾಚಾರ. ದಾರಿಯುದ್ದಕ್ಕೂ ಸರ್ಫಿಂಗ್ ಊರುಗಳು. ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಅತ್ತೆ.

ಮೊದಲ ಊರು ಎರಿಸೇರಾ. ಬೆಳಗಿನ ಪಾಠಕ್ಕೆ ನಾನು ಟೊರಾಂಟೊದಿಂದಲೇ ಜಾಗ ಹಿಡಿದಿದ್ದೆ. ಮಗಳು ತಿಂಡಿಯನ್ನೂ ತಿನ್ನದೆ ತಯಾರಾಗಿ ನಿಂತಿದ್ದಳು. ಅಷ್ಟರಲ್ಲಿ ಅತ್ತೆ ಸೂಟ್‌ಕೇಸ್ ಬಿಚ್ಚಿ ಸೀರೆಗಳನ್ನೆಲ್ಲ ಮಂಚದ ಮೇಲೆ ಹರಡತೊಡಗಿದರು.

"ಕಾಯಿ ಎಲ್ಲಿ ಹೋಯ್ತು ಮಾರಾಯ್ತಿ? ನಾನೇ ಇಟ್ಟದ್ದು."

ಒಪ್ಪಿಕೊಂಡೆ. ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಂಚದ ತುದಿಯಲ್ಲಿ ಕೂತು ನಿಧಾನವಾಗಿ ಹೇಳಿದರು: "ಆಟಿ ತಿಂಗಳು ಇದು, ಮಳೆಗಾಲ. ನಮ್ಮಲ್ಲಿ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ಕಾಯಿ ಕೊಡದೆ ಯಾರೂ ನೀರಿಗೆ ಇಳಿಯುದಿಲ್ಲ. ಹುಣ್ಣಿಮೆ ಬರ್ಲಿಕ್ಕೆ ಇನ್ನೂ ಉಂಟು. ಅದಕ್ಕೇ ನಾನು ಮೊದಲೇ ಒಂದು ಕೊಟ್ಟುಬಿಡುವ ಅಂತ ತಂದದ್ದು."

ಅವರು ಉಡುಪಿ ಕಡೆಯ ಕಡಲತೀರದವರು. ಮಳೆಗಾಲದಲ್ಲಿ ಅಲ್ಲಿಯ ಕಡಲು ಮನುಷ್ಯರನ್ನು ಎಳೆದುಕೊಳ್ಳುವುದನ್ನು ಕಣ್ಣಾರೆ ಕಂಡವರು. ಅದು ನನಗೂ ಅರ್ಥವಾಗುತ್ತದೆ. ಆದರೆ ಇದು ಅಟ್ಲಾಂಟಿಕ್! ಇಲ್ಲಿ ಜುಲೈ ಎಂದರೆ ಬಿಸಿಲು, ಮೂರು ವರ್ಷದ ಮಕ್ಕಳೂ ನೀರಿನಲ್ಲಿ ಕುಣಿಯುತ್ತಿದ್ದವು. ಗಂಡನ ಕಡೆ ನೋಡಿದೆ.

"ಏನ್ರೀ, ನೀವಾದ್ರೂ ಹೇಳ್ಬಾರ್ದಾ?"

"ಅಮ್ಮ ಹೇಳಿದ್ರಲ್ಲಿ ಎಂತ ತಪ್ಪುಂಟು? ಒಂದು ಕಾಯಿ ತಾನೇ, ತಗೊಂಡ್ರಾಯ್ತು."

ನಾನು ಅಕ್ಕಿಡಬ್ಬಿಯ ಮುಂದೆ ಅಂದುಕೊಂಡ ಅದೇ ಮಾತು. ಮೈಯೆಲ್ಲ ಉರಿದುಹೋಯಿತು.

ತಗೊಂಡ್ರಾಯ್ತಂತೆ! ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕ ಕಾಯಿಗೆ ಜುಟ್ಟಿರಲಿಲ್ಲ. ನುಣ್ಣಗೆ ಬೋಳಿಸಿ, ಪ್ಲಾಸ್ಟಿಕ್ ಸುತ್ತಿ, ಸುಲಭವಾಗಿ ಒಡೆಯಲಿ ಎಂದು ನಡುವೆ ಸುತ್ತಲೂ ಗೆರೆ ಕೊರೆದಿದ್ದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ವಾಪಸ್ ಇಟ್ಟರು. ಜುಟ್ಟಿಲ್ಲದ್ದು, ಗಾಯವಾದದ್ದು, ದೇವರಿಗೆ ಕೊಡುವಂಥದ್ದಲ್ಲ. ಪೆನಿಶ್‌ನಲ್ಲೂ ಅದೇ ಬೋಳು ಕಾಯಿ. ಸ್ಪೇನಿನ ಮೊದಲ ಊರಿನಲ್ಲಿ ಅದೂ ಇಲ್ಲ, ಡಬ್ಬಿಯಲ್ಲಿ ತೆಂಗಿನ ಹಾಲು ಮಾತ್ರ. ಪ್ರತಿ ಊರಿನಲ್ಲೂ ನಾನು ಪಾಠಕ್ಕೆ ಜಾಗ ಹಿಡಿಯುವುದು, ನಾವು ಕಾಯಿ ಹುಡುಕುತ್ತ ಅಲೆಯುವುದು, ಪಾಠದ ಹೊತ್ತು ಕಳೆದುಹೋಗುವುದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ನಾವು ಐದು ಊರಿಗೆ ಬಂದೆವು, ನೀರಿಗೆ ಮಾತ್ರ ಬರಲಿಲ್ಲ.

ಮಗಳು ಮೊದಲೆರಡು ದಿನ ಜಗಳವಾಡಿದಳು. "ಅಮ್ಮಾ, ಯು ಪ್ರಾಮಿಸ್ಡ್" ಎಂದಳು. ಆಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತ ಕೂತುಬಿಟ್ಟಳು. ಅಲ್ಲಿ ಅವಳ ವಯಸ್ಸಿನ ಹುಡುಗಿಯರು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಿದ್ದರು. ನಾನು ಗಂಡನ ಜೊತೆ ಮಾತು ಬಿಟ್ಟೆ. ಜಿಪಿಎಸ್ ಒಂದೇ ಕಾರಿನಲ್ಲಿ ಬಾಯಿ ಬಿಡುತ್ತಿತ್ತು.

ಕಾಯಿ ಕೊನೆಗೂ ಸಿಕ್ಕಿದ್ದು ಸಾನ್ ಸೆಬಾಸ್ಟಿಯನ್‌ನ ಹಿಂಬದಿಯ ಓಣಿಯೊಂದರಲ್ಲಿ, ಲಾಹೋರಿನವನೊಬ್ಬನ ಅಂಗಡಿಯಲ್ಲಿ. ಜುಟ್ಟು ಇತ್ತು. ಅತ್ತೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. "ಏಕ್‌ದಮ್ ತಾಜಾ, ಮಾ ಜೀ" ಎಂದ ಅವನು. ಅತ್ತೆಗೆ ಹಿಂದಿ ಬರುವುದಿಲ್ಲ, ಆದರೂ ಅವನ ತಲೆ ಸವರಿದರು.

ಮರುದಿನ ಬಿಯಾರಿಟ್ಸ್. ಕೊನೆಯ ಊರು, ಕೊನೆಯ ದಿನ. ಛತ್ರಿಗಳ ಕೆಳಗೆ ಅರೆಬತ್ತಲೆ ಮಲಗಿದ್ದ ಜನರ ನಡುವೆ ಅತ್ತೆ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಮೊಣಕಾಲಿನ ತನಕ ನೀರಿಗಿಳಿದರು. ಪೊಟ್ಟಣ ಕತ್ತರಿಸಿ ಹಾಲು ಸುರಿದರು. ಕಾಯಿಯನ್ನು ನೀರಿಗೆ ಬಿಟ್ಟು ಕೈ ಮುಗಿದರು. ದಡಕ್ಕೆ ಬಂದವರು ಸೆರಗಿನಲ್ಲಿ ಕೈ ಒರೆಸಿಕೊಂಡು ಮಗಳಿಗೆ ಹೇಳಿದರು: "ಹೋಗು ಮಗಾ. ಇನ್ನು ಕಡಲು ನೋಡಿಕೊಳ್ತದೆ." ಅವರ ಮುಖದಲ್ಲಿ ಒಂದು ಚೂರೂ ಭಯವಿರಲಿಲ್ಲ.

ಸರ್ಫಿಂಗ್ ಕಲಿಸುವ ಹುಡುಗಿ ಒಂದು ಹಾಳೆ ತಂದು ನನ್ನ ಕೈಗೆ ಕೊಟ್ಟಳು. ಮಕ್ಕಳಾದರೆ ಹೆತ್ತವರ ಸಹಿ ಬೇಕು. ಓದಿದೆ. ಗಾಯ, ಅಂಗವೈಕಲ್ಯ, ಸಾವು, ಯಾವುದಕ್ಕೂ ನಾವು ಹೊಣೆಯಲ್ಲ. ಹೊಣೆಯಲ್ಲವೆಂದರೆ ಮತ್ತೆ ಯಾರು ಹೊಣೆ? ತಲೆಯೆತ್ತಿ ನೋಡಿದರೆ ಅಲೆಗಳು ನನಗಿಂತ ಎತ್ತರವಿದ್ದವು. ನಾನು ಬೆಂಗಳೂರಿನವಳು, ನೀರೆಂದರೆ ನಲ್ಲಿಯಲ್ಲಿ ಬರುವುದು ಎಂದುಕೊಂಡು ಬೆಳೆದವಳು. ಇಷ್ಟು ದಿನ ಜಗಳವಾಡುವ ಭರದಲ್ಲಿ ನಾನು ಕಡಲನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಪೆನ್ನು ಹಾಳೆಯ ಮೇಲಿತ್ತು, ಕೈ ಓಡಲಿಲ್ಲ.

"ಅಮ್ಮಾ, ಪ್ಲೀಸ್. ಸೈನ್ ಇಟ್."

"ಒಂದ್ನಿಮಿಷ ಇರೇ."

ಗಂಡ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸಹಿ ಹಾಕಿದ. ಮಗಳು ಓಡಿದಳು.

ನಾನು ಕಾರಿನಲ್ಲಿ ಏನೋ ಮರೆತೆನೆಂದು ಸುಳ್ಳು ಹೇಳಿ ಪಾರ್ಕಿಂಗಿಗೆ ಹೋದೆ. ಕಡಲಿಗೆ ಬೆನ್ನು ಹಾಕಿ, ಕಾರಿನ ಬಾಗಿಲು ಮುಚ್ಚಿ, ಕಿಟಕಿ ಏರಿಸಿ ಒಂದು ಗಂಟೆ ಕೂತೆ. ನಡುವೆ ಇಳಿದು ಡಿಕ್ಕಿಯಲ್ಲಿದ್ದ ಸಾಮಾನನ್ನೆಲ್ಲ ಎರಡು ಸಲ ಜೋಡಿಸಿದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು, ಆದರೂ ತಿರುಗಲಿಲ್ಲ.

ಮರಳಿ ಹೋದಾಗ ಮಗಳು ಟವೆಲ್ ಹೊದ್ದು ನಡುಗುತ್ತ ನಗುತ್ತಿದ್ದಳು. ತುಟಿ ನೀಲಿಗಟ್ಟಿತ್ತು. "ಅಮ್ಮಾ, ನಾನು ನಿಂತೆ! ಎರಡು ಸಲ! ನೋಡಿದ್ಯಾ?"

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕನ್ನಡದಲ್ಲಿ ಕೇಳಿದಳು.

"ನೋಡಿದೆ ಕಣೇ."

ಅವಳು ನನ್ನ ಕೈಯಲ್ಲಿದ್ದ ಕಾರಿನ ಕೀಲಿಯನ್ನು ನೋಡಿದಳು. ನಗು ಸ್ವಲ್ಪ ಇಳಿಯಿತು. "ಇಟ್ಸ್ ಓಕೆ. ಅಜ್ಜಿ ನೋಡಿದ್ರು" ಎಂದಳು.

ಸ್ಟೌಫ್‌ವಿಲ್‌ಗೆ ಮರಳಿದ ಬೆಳಿಗ್ಗೆ ಅತ್ತೆ ಅಕ್ಕಿ ತೆಗೆಯಲು ಹೋಗಿ ಆ ಕಾಯಿಯನ್ನು ಕಂಡರು. ಚಟ್ನಿಗೆ ಒಡೆಯುತ್ತಾರೆ ಎಂದುಕೊಂಡೆ. ಅವರು ಅಲುಗಾಡಿಸಿ ನೋಡಿ, ನೀರಿದೆ ಎಂದು ಖಾತ್ರಿ ಮಾಡಿಕೊಂಡು, ಅದನ್ನು ತಂದು ನನ್ನ ಎರಡೂ ಕೈಗೆ ಇಟ್ಟರು.

"ಇದು ನಿನಗೆ. ಮುಂದಿನ ಸಲ ನೀನೇ ಕೊಡು" ಎಂದರು. "ಆಮೇಲೆ ನನ್ನ ಒಟ್ಟಿಗೆ ದಡದಲ್ಲಿ ನಿಲ್ಲು."