ವಾಳೂಜಿಗೆ ಬಂದ ಎಳ್ಳಮಾವಾಸ್ಯೆ

ಇವತ್ತು ಬೆಳಿಗ್ಗೆ ಹಾಲು ತರಲು ಹೋದವನು ಒಂದು ಕೈಗಾಡಿಯ ಮುಂದೆ ನಿಂತುಬಿಟ್ಟೆ. ಗಾಡಿಯ ತುಂಬ ಹಸಿ ಕಡಲೆ ಗಿಡದ ಕಟ್ಟುಗಳು. ಇಲ್ಲಿಯವರು ಅದನ್ನು ಡಹಾಳಾ ಎನ್ನುತ್ತಾರೆ, ನಮ್ಮ ಬೀದರ ಕಡೆ ಸುಲಗಾಯಿ. ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡೆ. ಬೆರಳಿಗೆ ಅಂಟುವ ಆ ಹುಳಿ ವಾಸನೆ ಇದೆಯಲ್ಲ, ಎಳ್ಳಮಾವಾಸ್ಯೆ ಹತ್ತಿರ ಬಂತೆಂದು ನನಗೆ ತಿಳಿಯುವುದೇ ಅದರಿಂದ. ಒಂದು ಕಾಲಕ್ಕೆ ಬಾಯಲ್ಲಿ ನೀರೂರುತ್ತಿತ್ತು, ಈಗ ಆ ವಾಸನೆ ಬಂದರೆ ಬೆರಳು ಒರೆಸಿಕೊಳ್ಳುತ್ತೇನೆ. ಯಾಕೆಂದು ಹೇಳುತ್ತೇನೆ. ಕೇಳಿದ ಮೇಲೆ ನನ್ನನ್ನು ಬಯ್ಯಬೇಕೆನಿಸಿದರೆ ಸಂಕೋಚಪಡಬೇಡಿ.

ನಾವು ಮರಾಠಿ ಸೀಮೆಯ ಈ ಸಂಭಾಜಿನಗರದ ಒಳಗೇ ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಹದಿನೇಳು ವರ್ಷ ಬಾಡಿಗೆಗಿದ್ದೆವು. ಕೋಣೆಗಳು ಎರಡೇ, ಅವುಗಳ ಮೇಲಿನ ಬಯಲು ಮಾಳಿಗೆ ಮಾತ್ರ ವಿಶಾಲ. ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆಯವರು ಹೊಲಕ್ಕೆ ಹೋಗಿ ಉಣ್ಣಬೇಕು. ಊರು ಬಿಟ್ಟು ಬಂದವರಿಗೆ ಹೊಲ ಎಲ್ಲಿಂದ ಬರಬೇಕು? ಆ ಮಾಳಿಗೆಯನ್ನೇ ಹೊಲ ಮಾಡಿಕೊಂಡೆವು. ನನ್ನ ಹೆಂಡತಿ ಕಸ್ತೂರಿ ದೊಡ್ಡ ಪಾತೇಲಿ ತುಂಬ ಭಜ್ಜಿ ಮಾಡುತ್ತಿದ್ದಳು. ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ, ಹಸಿ ಕಾಳು, ಬದನೆ, ಮೆಂತ್ಯೆ, ಪುಂಡಿಪಲ್ಯ ಎಲ್ಲ ಸೇರಿ ಕಡಲೆಹಿಟ್ಟಿನೊಂದಿಗೆ ಗಟ್ಟಿಯಾಗಿ ಕುದಿಯುವ ಭಜ್ಜಿ. ಜೊತೆಗೆ ಸಜ್ಜೆ ರೊಟ್ಟಿ, ಅಂಬಲಿ. ಬೀದರ, ಕಲಬುರಗಿಯ ಏಳೆಂಟು ಮನೆಯವರು ಬಂದು ಸೇರುತ್ತಿದ್ದರು, ಬಟ್ಟೆ ಅಂಗಡಿಯವರು, ಬ್ಯಾಂಕಿನವರು, ನನ್ನಂಥ ಕಾರ್ಖಾನೆಯವರು.

ಊಟಕ್ಕೆ ಮೊದಲು ಬೆಳೆಗೆ ಚರಗ ಚೆಲ್ಲಬೇಕು, ಅಂದರೆ ಮಾಡಿದ ಅಡುಗೆಯನ್ನೇ ಒಂದಿಷ್ಟು ಹೊಲದ ಸುತ್ತ ಎರಚಬೇಕು. ನಾನು ನೀರಿನ ಟಾಕಿಯ ಸುತ್ತ ಎರಚುತ್ತಿದ್ದೆ, ನೂರು ಎಕರೆ ಗೌಡನ ಗತ್ತಿನಲ್ಲಿ. ನನ್ನ ಬೆಳೆಯೆಂದರೆ ಎರಡು ತುಳಸಿ, ಒಂದು ಕರಿಬೇವು. ಪಾರಿವಾಳಗಳು ಸಂತೋಷಪಡುತ್ತಿದ್ದವು. ನಿಜವಾದ ಗೌಡತಿ ಕಸ್ತೂರಿ. ಬಾಕಿ ದಿನ ಅರ್ಧಂಬರ್ಧ ಮರಾಠಿಯಲ್ಲಿ ತಡವರಿಸುವ ಹೆಂಗಸು, ಆ ದಿನ ಇಪ್ಪತ್ತೈದು ಮಂದಿಗೆ ತನ್ನ ಭಾಷೆಯಲ್ಲೇ ಜೋರು ಮಾಡಿ ಬಡಿಸುತ್ತಿದ್ದಳು.

ನನ್ನ ಕೆಲಸ ಊರಾಚೆಯ ಕೈಗಾರಿಕಾ ಪ್ರದೇಶ ವಾಳೂಜಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಊರೊಳಗೆ ಬಾಡಿಗೆ ಏರುತ್ತಲೇ ಹೋದಾಗ, ಮೂರು ವರ್ಷದ ಹಿಂದೆ, ವಾಳೂಜಿನ ಆಚೆ ಎದ್ದ ಹೊಸ ಕಟ್ಟಡವೊಂದರಲ್ಲಿ ನಮ್ಮ ಕೈಗೆಟುಕುವ ಫ್ಲ್ಯಾಟ್ ಸಿಕ್ಕಿತು. ಸ್ವಂತ ಮನೆ, ಲಿಫ್ಟ್, ಡ್ಯೂಟಿಗೆ ಹತ್ತೇ ನಿಮಿಷ ಎಂದು ನಾನು ಕುಣಿದಾಡಿದೆ. ಕಸ್ತೂರಿ ಮನೆಯನ್ನೆಲ್ಲ ನೋಡಿ ಕೇಳಿದ್ದು ಒಂದೇ ಮಾತು.

"ಇಲ್ಲಿ ನಮ್ಮ ಮಂದಿ ಯಾರರೆ ಇದ್ದಾರೇನ್ರಿ?"

"ಎರಡ ಬಸ್ಸಿನ ಹಾದಿ ಅದ. ಅವರೆಲ್ಲಿ ಹೋಗ್ತಾರ?" ಎಂದೆ. ಅವರೆಲ್ಲಿಯೂ ಹೋಗಲಿಲ್ಲ. ಹೋದವರು ನಾವು.

ಹೊಸ ಮನೆಯ ಮೊದಲ ಎಳ್ಳಮಾವಾಸ್ಯೆ ಬಂತು. ಎರಡು ದಿನ ಮುಂಚೆ ಮನೆಯಾಕೆ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ, ಹಣೆಗೆ ಕುಂಕುಮವಿಟ್ಟು ಊಟಕ್ಕೆ ಕರೆಯುವುದು ನಮ್ಮ ರೂಢಿ. ಕಸ್ತೂರಿ ಸೀರೆ ಉಟ್ಟು ಸಿದ್ಧಳಾಗಿದ್ದಳು. ನನಗೋ ಆ ಭಾನುವಾರ ಹೊಸ ಗೋಡೆಗಳಿಗೆಲ್ಲ ಮೊಳೆ ಹೊಡೆಯುವ ಹುಮ್ಮಸ್ಸು.

"ಇಡೀ ದಿನ ಬಸ್ಸಿನ್ಯಾಗ ಯಾಕ ತಿರುಗ್ತಿ? ಗ್ರೂಪಿನ್ಯಾಗ ಹಾಕ್ತೀನಿ, ಲೊಕೇಶನ್ ಕಳಸ್ತೀನಿ. ಬರ್ತಾರ."

"ಅಮಾಸಿ ಊಟಕ್ಕ ಮೊಬೈಲ್‌ನ್ಯಾಗ ಕರೀತಾರೇನ್ರಿ? ನೀವರೆ ಗಾಡಿ ಮ್ಯಾಲ ಕರ್ಕೊಂಡು ನಡೀರಿ."

"ಜಮಾನಾ ಬದಲಾಗ್ಯದ, ಸುಮ್ನಿರು," ಎಂದು ನಾನು ಸುತ್ತಿಗೆ ಎತ್ತಿಕೊಂಡೆ. ಅವಳು ಸೀರೆ ಬದಲಿಸಿದಳು.

ಅಮಾವಾಸ್ಯೆಯ ದಿನ ಭಜ್ಜಿಯ ಪಾತೇಲಿ ಎಂದಿನಂತೆ ತುಂಬಿತ್ತು. ಹನ್ನೆರಡು ಹೊಡೆಯಿತು, ಒಂದು ಹೊಡೆಯಿತು. ನಮ್ಮ ಮಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ನಾಲಿಗೆಗೆ ಬರುವುದು ಮರಾಠಿಯೇ. ಅವಳು ಬಾಲ್ಕನಿಯಿಂದ, "ಮಮ್ಮೀ, ಕೋಣೀಚ್ ದಿಸತ್ ನಾಹೀ," ಯಾರೂ ಕಾಣುತ್ತಿಲ್ಲ, ಎಂದು ಕೂಗಿದಳು. ಎರಡು ಗಂಟೆಗೆ ಫೋನು ಬಂತು. ಹಳೆಯ ಮನೆಯ ಪಕ್ಕದ ಸುಲೋಚನಕ್ಕ, ಆಳಂದದವರು, ದನಿ ದೊಡ್ಡದು, ನನಗೂ ಕೇಳುತ್ತಿತ್ತು.

"ಕಸ್ತೂರಿ, ಉಂಡ್ರೇನವ್ವಾ? ನಾವೆಲ್ಲಾರು ಇಲ್ಲೇ, ನಿಮ್ಮ ಮಾಳಗಿ ಮ್ಯಾಲೇ ಉಂಡ್ವಿ. ಹೊಸಾ ಬಾಡಗಿ ಮಂದಿ ಬ್ಯಾಡ ಅನಲಿಲ್ಲ. ಗ್ರೂಪಿನ್ಯಾಗ ಅಣ್ಣಾರು ಹಾಕಿದ್ದ ನೋಡೀವಿ. ಆದ್ರ ಯಾರೂ ಮನೀಗಿ ಬಂದು ಕುಂಕುಮ ಹಚ್ಚಿಲ್ಲ, ಹ್ಯಾಂಗ ಹೋಗೋದು ಅಂದ್ರು ಎಲ್ಲಾರು. ನಿಮ್ಗೂ ದೂರ ಆಗ್ತದಂತ ನಾವೂ ಕರೀಲಿಲ್ಲ. ತಪ್ಪ ತಿಳಕೋಬ್ಯಾಡ್ರಿ."

ಕಸ್ತೂರಿ ತುಂಬಿದ ಪಾತೇಲಿಯ ಪಕ್ಕದಲ್ಲೇ ನಿಂತಿದ್ದಳು.

"ಇಲ್ಲ್ರಿ ಅಕ್ಕಾ. ಛಲೋ ಆಯ್ತು ಬಿಡ್ರಿ. ಅವರು ಸುಮ್ನ ಹಾಕಿದ್ರು. ಈ ಸಲ ನಾವೇನೂ ಮಾಡೇ ಇಲ್ಲ."

ನನ್ನ ಮಾನ ಉಳಿಸಲು ಅವಳು ಅಮಾವಾಸ್ಯೆಯ ದಿನ ಸುಳ್ಳು ಹೇಳಿದಳು. ಜಗಳವಾಡಿದ್ದರೆ ನಾನೂ ಬಾಯಿ ಮಾಡಿ ಹಗುರಾಗುತ್ತಿದ್ದೆ. ಅವಳು ಪಾತೇಲಿಗೆ ಮುಚ್ಚಳ ಮುಚ್ಚಿದಳು. ಪಕ್ಕದ ಮನೆಯಲ್ಲಿದ್ದ ಸಿಲ್ಲೋಡ್ ಊರಿನ ಮರಾಠಿಯವರಿಗೆ ಒಂದು ಬಟ್ಟಲು ಕೊಟ್ಟೆವು, ಉಳಿದದ್ದನ್ನು ಸಂಜೆ ನಾನು ಕಟ್ಟಡದ ಹಿಂದಿನ ಖಾಲಿ ಪ್ಲಾಟಿಗೆ ಹೊತ್ತೊಯ್ದು ದನಗಳ ಮುಂದೆ ಸುರಿದೆ. ಆ ವರ್ಷ ಪಾತೇಲಿಗೆ ಪಾತೇಲಿಯೇ ಚರಗವಾಯಿತು. ಮರುವರ್ಷ ಅವಳು ಹಬ್ಬದ ಮಾತೆತ್ತಲಿಲ್ಲ, ನನಗೆ ಎತ್ತುವ ಮುಖವಿರಲಿಲ್ಲ. ಊರೊಳಗಿನಿಂದ ಕರೆಯಲು ಯಾರೂ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ? ಆದರೆ ಆ ಸಿಟ್ಟಿಗೆ ನನಗೇನು ಹಕ್ಕು?

ಇವತ್ತು ಎರಡು ಕಟ್ಟು ಸುಲಗಾಯಿ ಕೊಂಡೇ ಮನೆಗೆ ಬಂದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

"ನಾಡದು ಅಮಾಸಿ. ಇವತ್ತ ರಜಾ ಹಾಕ್ತೀನಿ. ನಡಿ, ಗಾಡಿ ಮ್ಯಾಲ ಎಲ್ಲಾರ ಮನೀಗಿ ಹೋಗಿ ಕುಂಕುಮ ಕೊಟ್ಟು ಕರದ ಬರೋಣ. ಅಮಾಸಿ ದಿನಾನೂ ರಜಾ ಹಾಕ್ತೀನಿ."

ಕಸ್ತೂರಿ ಕಟ್ಟು ಬಿಚ್ಚಿ ಕಾಯಿ ಸುಲಿಯತೊಡಗಿದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ರಜಾ ಯಾಕ ಹಾಳ ಮಾಡ್ತೀರಿ? ಡ್ಯೂಟಿಗಿ ಹತ್ತ ನಿಮಿಷದ ಹಾದಿ ಅಂದಿದ್ರಲ್ಲ. ಭಜ್ಜಿ ಡಬ್ಬ್ಯಾಗ ಕಟ್ಟಿ ಕೊಡ್ತೀನಿ, ಡ್ಯೂಟಿ ಮ್ಯಾಲೇ ಉಣ್ರಿ."

ನಾನು ಹೂಂ ಎಂದೆ. ಎದುರು ಕೂತು ಇನ್ನೊಂದು ಕಟ್ಟು ಬಿಚ್ಚಿದೆ. ಬಯ್ಯುವುದಿದ್ದರೆ ಈಗ ಬಯ್ಯಿರಿ.