ಬಚ್ಚಲಲ್ಲಿ ಜಾರಿ ಬಿದ್ದವಳು

ನನ್ನ ಬಲಗೈ ಮುರಿದಾಗ ಭಾಲ್ಕಿಯ ದವಾಖಾನೆಯಲ್ಲಿ ಗಂಡನೂ ನಾನೂ ಒಂದೇ ಮಾತು ಹೇಳಿದೆವು: ಬಚ್ಚಲಲ್ಲಿ ಜಾರಿ ಬಿದ್ದದ್ದು. ನಿಜವಾಗಿ ಅವನು ಬಾಗಿಲಿಗೆ ಕೊಡುವ ಕಟ್ಟಿಗೆಯ ಅಗಳಿ ಕಿತ್ತು ಹೊಡೆದಿದ್ದ. ಅವನು ಔಷಧಿ ತರಲು ಹೋದಾಗ ಪಟ್ಟಿ ಕಟ್ಟುತ್ತಿದ್ದ ನರ್ಸ್ ಮೆಲ್ಲಗೆ ಅಂದಳು, "ನಮ್ಮ ಮನ್ಯಾಗಿನ ಬಚ್ಚಲಾನೂ ಹಿಂಗೇ ಇತ್ತು ಅಕ್ಕಾ. ಈಗ ಮೀಟಿಂಗಿಗಿ ಹೋಗ್ತದ."

ಮೀಟಿಂಗ್ ಅಂದರೆ ದಾರೂ ಬಿಡಬೇಕೆನ್ನುವವರು ವಾರಕ್ಕೊಮ್ಮೆ ಒಂದು ಕಡೆ ಕೂತು ತಮ್ಮ ಕಥೆ ತಾವೇ ಹೇಳಿಕೊಳ್ಳುವುದು. ಭಾಲ್ಕಿಯಲ್ಲೇ ಒಂದಿದೆಯಂತೆ, ಬೀದರಿನಲ್ಲೂ ಇದೆಯಂತೆ. ಎರಡಕ್ಕೂ ಅವನು ಒಪ್ಪಲಿಲ್ಲ. ಬೀದರಿನ ಗಾಂಧಿ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತಿ ಅಂಗಡಿಯಲ್ಲಿ ಅವನು ಲೆಕ್ಕ ಬರೆಯುವ ಮುನೀಮ. "ಗಂಜಿನ ಮಂದಿ ನೋಡಿದ್ರ ಮಾರಿ ಹ್ಯಾಂಗ ತೋರಸ್ಲಿ" ಅಂದ. ಅದೇ ಗಂಜಿನ ಮಂದಿ ಅವನನ್ನು ಎಷ್ಟೋ ಸಲ ಮೋರಿಯಿಂದ ಎತ್ತಿ ಭಾಲ್ಕಿ ಬಸ್ಸಿಗೆ ಹಾಕಿದ್ದರು. ಮೋರಿಯಲ್ಲಿ ಬಿದ್ದರೆ ಹೋಗದ ಮಾನ ಮೀಟಿಂಗಿಗೆ ಹೋದರೆ ಹೋಗುತ್ತದೆ. ಗಂಡನ ಮನೆಯಲ್ಲಿ ಕುಡಿತ ಎನ್ನುವ ಶಬ್ದವನ್ನೇ ಆಡುವಂತಿರಲಿಲ್ಲ. ಮಗ ಅಂಗಳದಲ್ಲಿ ವಾಂತಿ ಮಾಡಿಕೊಂಡು ಬಿದ್ದಿದ್ದರೂ ಅತ್ತೆ "ಅವನ ತಬಿಯತ್ ಸರಿ ಇಲ್ಲ" ಅನ್ನುತ್ತಿದ್ದರು.

ಕೊನೆಗೆ ದೂರದ ಔರಾದ್ ಊರಿನ ಮೀಟಿಂಗ್ ಆದೀತು ಅಂದ. ಅಲ್ಲಿ ಗುರುತಿನವರು ಯಾರೂ ಇಲ್ಲ. ಹೊರಡುವ ದಿನ ನಾನು ಎಡಗೈಯಿಂದಲೇ ಸೀರೆಗಳನ್ನು ಚೀಲಕ್ಕೆ ತುರುಕಿ ಹೇಳಿದೆ, "ಮೀಟಿಂಗ್ ಮುಗಿಯೋತನ ಕೂತ್ರಿ ಅಂದ್ರ ನಿಮ್ಮ ಸಂಗಾಟ ಮನಿಗಿ ಬರ್ತೇನಿ. ನಡುವ ಎದ್ರಿ ಅಂದ್ರ ಅಲ್ಲಿಂದಲೇ ಮನ್ನಳ್ಳಿಗಿ ಹೋಗ್ತೇನಿ." ಮನ್ನಳ್ಳಿ ನನ್ನ ತವರು. ಇವನು ಕೂರುವ ಪೈಕಿಯವನಲ್ಲ ಎಂಬ ಧೈರ್ಯದ ಮೇಲೆಯೇ ನಾನು ಆ ಮಾತು ಆಡಿದ್ದೆ.

ಸಭೆ ಇದ್ದದ್ದು ಒಂದು ಶಾಲೆಯ ಕೋಣೆಯಲ್ಲಿ. ನಡೆಸುತ್ತಿದ್ದವರು ನಿವೃತ್ತ ಬಸ್ ಕಂಡಕ್ಟರ್. ಬೆಂಚಿನ ಮೇಲೆ ಕೂತು ತಲೆ ಎತ್ತಿದರೆ ಎದುರಿಗೆ ಗಂಜಿನ ಹಮಾಲ. ನನ್ನ ಗಂಡನಿಂದ ದಿನಾ ತೂಕದ ಕಾಟಾದ ಹತ್ತಿರ ಬಾಯಿಗೆ ಬಂದಂತೆ ಬಯ್ಯಿಸಿಕೊಳ್ಳುವ ಮನುಷ್ಯ. ಅವನೂ ಯಾರ ಕಣ್ಣಿಗೂ ಬೀಳಬಾರದೆಂದೇ ಬೀದರಿನಿಂದ ಅಷ್ಟು ದೂರ ಬಂದಿದ್ದ.

"ನನ್ನ ಬೆನ್ನ ಹತ್ತಿ ಬಂದೀ ಏನಲೇ" ಅಂದ ಗಂಡ.

"ನಾ ಮಳಿಗಾಲದಿಂದ ಬರ್ಲತೀನ್ರಿ ಮುನೀಮ್‌ಜಿ. ನಿಮ್ಮ ಪಾಳಿ ಈಗ ಬಂದಾದ."

ಯಾರೋ ನಕ್ಕರು. ನಗು ಕಿವಿಗೆ ಬಿದ್ದದ್ದೇ ತಡ, ಗಂಡ ಬೆಂಚು ದಾಟಿ ಹಮಾಲನ ಬಾಯಿಗೆ ಗುದ್ದಿದ. ಹಲ್ಲು ತುಟಿಯೊಳಗೆ ಹೊಕ್ಕು ಅಂಗಿಯ ಮೇಲೆ ರಕ್ತ ಸುರಿಯಿತು. ಹಮಾಲನದು ಮೂಟೆ ಹೊರುವ ತೋಳು. ಗಂಡನನ್ನು ಎತ್ತಿ ಗೋಡೆಗೆ ಬಡಿದ, ಕುತ್ತಿಗೆ ಹಿಡಿದು ಒತ್ತಿದ. ಗಂಡನ ಮುಖ ಕಪ್ಪಿಟ್ಟಿತು, ಕಾಲು ಒದ್ದಾಡಿದವು. ಎಲ್ಲರೂ ಬಿಡಿಸಲು ಮುಗಿಬಿದ್ದರು. ನಾನು ಕೂತಲ್ಲೇ ಕೂತಿದ್ದೆ. ಸುಳ್ಳು ಯಾಕೆ ಹೇಳಲಿ, ಇನ್ನೊಂದಿಷ್ಟು ಹೊತ್ತು ಹಿಡಿದಿರಲಿ ಅನ್ನಿಸಿತು.

ಬಿಡಿಸಿದ ಕೂಡಲೇ ಗಂಡ ಹೊರಗೆ ಓಡಿದ. ಅಲ್ಲಿಗೆ ಶರತ್ತು ಮುಗಿಯಿತೆಂದು ನಾನು ಚೀಲ ಎತ್ತಿಕೊಂಡೆ. ಅಷ್ಟರಲ್ಲಿ ಅವನು ಕೈಯಲ್ಲಿ ಕಲ್ಲು ಹಿಡಿದು ಮರಳಿ ಬಂದ. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತರು.

"ಕಲ್ಲು ಕೈಯಾಗೇ ಇರ್ಲಿರಿ. ಮದಲ ಕೂತು ಮಾತಾಡ್ರಿ. ಆಮ್ಯಾಲ ಯಾರಿಗಿ ಒಗೀಬೇಕೋ ಒಗೀರಿ."

ಯಾಕೋ ಏನೋ, ಅವನು ಕೂತ. ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ನನ್ನ ಕಡೆ ನೋಡದೆ ಹೇಳಿದ, "ಈಕಿ ಬಚ್ಚಲದಾಗ ಬಿದ್ದಿಲ್ಲ. ನಾನೇ ಹೊಡದೀನಿ. ಅಗಳಿ ತೊಗೊಂಡು. ಕೈ ಮುರದು ಕೆಳಗ ಬಿದ್ದ ಮ್ಯಾಲೂ ಹೊಡದೀನಿ."

ಕೋಣೆಯವರೆಲ್ಲ ನನ್ನ ಕೈ ನೋಡಿದರು. ಈ ಮಾತು ಅವನ ಬಾಯಿಂದ ಬರಲಿ ಎಂದು ಎಷ್ಟು ಕಾದಿದ್ದೆನೋ. ಬಂದಾಗ ಕನಿಕರ ಹುಟ್ಟಲಿಲ್ಲ, ಮೈಯೆಲ್ಲ ಉರಿ ಹತ್ತಿತು. ನಶೆಯಲ್ಲಿ ಏನು ಮಾಡಿದೆನೋ ಒಂದೂ ನೆನಪಿಲ್ಲ ಎಂದು ಪ್ರತಿ ಸಲ ಮರುದಿನ ನನ್ನ ಕಾಲು ಹಿಡಿದು ಅಳುತ್ತಿದ್ದನಲ್ಲ. ನೆನಪಿಲ್ಲದವನ ಮೇಲೆ ಏನು ಸಿಟ್ಟು ಎಂದು ನಾನೂ ನುಂಗಿಕೊಳ್ಳುತ್ತಿದ್ದೆ. ನೋಡಿದರೆ ನಾನು ಕೆಳಗೆ ಬಿದ್ದ ಮೇಲೆ ಕೊಟ್ಟ ಏಟುಗಳೂ ಇವನಿಗೆ ನೆನಪಿದ್ದವು.

ಸಭೆ ನಿಜವಾಗಿ ಶುರುವಾದದ್ದೇ ಆಗ; ಅದು ಮುಗಿಯುವ ತನಕ ಅವನು ಕದಲದೆ ಕೂತ. ಬಸ್ ನಿಲ್ದಾಣಕ್ಕೆ ಬಂದಾಗ ಗೆದ್ದವನ ದನಿಯಲ್ಲಿ ಅಂದ, "ಕೂತೀನಲ್ಲ. ನಡಿ ಮನಿಗಿ."

"ನಿಮಗ ಎಲ್ಲಾ ನೆಪ್ಪದ" ಅಂದೆ. "ನಾ ಬರಲ್ಲ."

"ಮಾತು ಕೊಟ್ಟೀದಿ" ಎಂದು ಕೈ ಎತ್ತಿದ. ಸುತ್ತ ಜನ ನಿಂತು ನೋಡುತ್ತಿದ್ದರು. ನಾನು ಹಿಂದೆ ಸರಿಯಲಿಲ್ಲ. ಹೊಡೆದರೆ ಎಡಗೈಯಿಂದಲೇ ಅವನ ಕಣ್ಣು ಕೀಳಬೇಕೆಂದಿದ್ದೆ. ಅಷ್ಟರಲ್ಲಿ ಊದಿದ ತುಟಿಯ ಹಮಾಲ ಹಿಂದಿನಿಂದ ಬಂದು ಅವನ ರಟ್ಟೆ ಹಿಡಿದ.

"ಮುನೀಮ್‌ಜಿ, ಭಾಲ್ಕಿ ಬಸ್ ಅಲ್ಲಿ ನಿಂತಾದ ನೋಡ್ರಿ."

ಎತ್ತಿದ ಕೈ ಕೆಳಗಿಳಿಯಿತು. ಕೊಟ್ಟ ಮಾತಿಗೆ ತಪ್ಪಿ ನಾನು ಮನ್ನಳ್ಳಿಗೆ ಹೋಗಲು ಬೀದರ್ ಬಸ್ಸು ಹತ್ತಿದೆ. ಅವನು ಕಿಟಕಿಯ ಕೆಳಗೆ ಬಂದು ನಿಂತ. ಹೊಡೆದ ಮರುದಿನ ಇರುತ್ತಿದ್ದ ಅದೇ ಮುಖ. "ಬರೋ ಐತಾರ ಬರ್ತಿ ಇಲ್ಲ?" ಅಂದ.

"ಮೀಟಿಂಗಿಗಿ ಬರ್ತೇನಿ" ಅಂದೆ. "ನೀವೂ ಬರ್ರಿ. ಇನ್ನ ಏನೇನ್ ನೆಪ್ಪದ, ಅದೂ ಹೇಳ್ರಿ."